ಕಿತ್ತೂರಿನ ಎಕ್ಸ್‌ಚೇಂಜ್‌ನಿಂದ ಸ್ವದೇಶಿ 4ಜಿವರೆಗೆ: ಕಲಿತ ವಿದ್ಯೆ ಎಲ್ಲಿ ಹೋಗಿತ್ತು?

2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡದಲ್ಲಿ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲಕ್ಕೆ ಚಾಲನೆ ಸಿಕ್ಕಿತು. ಜಾಲದ ಕೋರ್, ಅಂದರೆ ಕರೆ-ಡೇಟಾಗಳನ್ನು ನಿಭಾಯಿಸುವ ಕೇಂದ್ರ ವ್ಯವಸ್ಥೆ, ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನದು, ಗೋಪುರಗಳ ಮೇಲಿನ ರೇಡಿಯೊ ಉಪಕರಣ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು, ಎಲ್ಲವನ್ನೂ ಜೋಡಿಸಿದ್ದು ಟಿಸಿಎಸ್. ಇಂಥ ಉಪಕರಣಗಳನ್ನು ತಾನೇ ತಯಾರಿಸಬಲ್ಲ ಐದನೆಯ ದೇಶ ಭಾರತ ಎಂದು ಸರ್ಕಾರ ಹೇಳಿಕೊಂಡಿತು. ಖಾಸಗಿ ಕಂಪನಿಗಳು 5ಜಿ ಕೊಡಲು ಆರಂಭಿಸಿ ಅಷ್ಟರಲ್ಲಿ ಮೂರು ವರ್ಷ ಆಗುತ್ತಾ ಬಂದಿತ್ತು. ಹಾಗಾಗಿ ಕೆಲವರು ಹೆಮ್ಮೆಪಟ್ಟರು, ಕೆಲವರು ಗೇಲಿ ಮಾಡಿದರು. ಎರಡೂ ಕಡೆಯವರು ಕಥೆಯನ್ನು 2020ರಿಂದ, ಅಂದರೆ ಗಲ್ವಾನ್ ಸಂಘರ್ಷದ ನಂತರ ಬಿಎಸ್‌ಎನ್‌ಎಲ್‌ನ 4ಜಿ ಟೆಂಡರ್ ರದ್ದಾದಲ್ಲಿಂದ ಆರಂಭಿಸುತ್ತಾರೆ. ಅಸಲು ಕಥೆಗೆ ಮುಕ್ಕಾಲು ಶತಮಾನದ ವಯಸ್ಸು. ಅದು ಶುರುವಾಗುವುದು ಬೆಂಗಳೂರಿನಲ್ಲಿ.

ಹಿಂದುಳಿದ ದೇಶವೊಂದು ತಂತ್ರಜ್ಞಾನದಲ್ಲಿ ಮುಂದಿದ್ದವರನ್ನು ಹೇಗೆ ಹಿಡಿಯುತ್ತದೆ ಎಂಬುದನ್ನು ನೋಡಬೇಕಾದರೆ ಒಂದು ಫೋನಿನ ಕರೆಯನ್ನು ಇನ್ನೊಂದಕ್ಕೆ ಜೋಡಿಸುವ ದೂರವಾಣಿ ಎಕ್ಸ್‌ಚೇಂಜ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಬ್ರೆಜಿಲ್, ದಕ್ಷಿಣ ಕೊರಿಯಾ, ಭಾರತ, ಚೀನಾ ಈ ನಾಲ್ಕೂ ದೇಶಗಳು ಹೆಚ್ಚುಕಡಿಮೆ ಒಂದೇ ಕಾಲಘಟ್ಟದಲ್ಲಿ ಒಂದೇ ಯಂತ್ರವನ್ನು ಸ್ವಂತವಾಗಿ ಕಟ್ಟಲು ಹೊರಟವು. ಡಿಜಿಟಲ್ ಎಕ್ಸ್‌ಚೇಂಜ್ ಎಂಬ ಆ ಯಂತ್ರ ನಾಲ್ಕೂ ದೇಶಗಳ ಕೈಗೆ ಒಲಿಯಿತು. ಬೇರೆಯಾಗಿದ್ದು ಆನಂತರದ ದಾರಿ.

ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆಗಳಲ್ಲಿ ಒಂದಾದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) 1948ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಅದರ ಸುತ್ತ ಬೆಳೆದ ದೂರವಾಣಿನಗರಕ್ಕೆ ಹೆಸರು ಬಂದದ್ದೂ ಅದರಿಂದಲೇ. ಬ್ರಿಟಿಷ್ ಕಂಪನಿಯೊಂದರ ನೆರವಿನಿಂದ ಅಲ್ಲಿ ಸ್ಟ್ರೌಜರ್ ಎಕ್ಸ್‌ಚೇಂಜ್‌ಗಳು ತಯಾರಾದವು. ನಾವು ಡಯಲ್ ತಿರುಗಿಸಿದಂತೆ ಅಲ್ಲಿ ಲೋಹದ ತೋಳುಗಳು ಟಕಟಕನೆ ಮೇಲೇರಿ, ಪಕ್ಕಕ್ಕೆ ಸರಿದು ಸಂಪರ್ಕ ಕೊಡುತ್ತಿದ್ದವು. 1964ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್‌ನ ಬೆಲ್ ಟೆಲಿಫೋನ್ ಕಂಪನಿಯೊಡನೆ ಒಪ್ಪಂದವಾಗಿ, ಅಡ್ಡ-ಉದ್ದ ಪಟ್ಟಿಗಳ ಜಾಲದಿಂದ ಸಂಪರ್ಕ ಕೊಡುವ ಪೆಂಟಾಕಾಂಟಾ ಎಂಬ ಕ್ರಾಸ್‌ಬಾರ್ ಎಕ್ಸ್‌ಚೇಂಜ್ ಬಂತು. ಯುರೋಪಿನ ಲೆಕ್ಕಾಚಾರದ ಪ್ರಕಾರ ಮನೆಗೊಂದು ಫೋನು, ದಿನಕ್ಕೆ ನಾಲ್ಕಾರು ಕರೆ. ಇಲ್ಲಿಯೋ, ಇದ್ದ ಒಂದು ಫೋನು ಅಂಗಡಿಯದ್ದಾದರೂ ಇಡೀ ಬೀದಿಯದ್ದೂ ಹೌದು. ಆ ಭಾರಕ್ಕೆ ಪೆಂಟಾಕಾಂಟಾ ಕುಸಿಯುತ್ತಿತ್ತು. ಕೊನೆಗೆ ದೆಹಲಿಯ ಟೆಲಿಕಾಂ ಸಂಶೋಧನಾ ಕೇಂದ್ರದ ಎಂಜಿನಿಯರುಗಳು ಅದನ್ನು ಇಲ್ಲಿಯ ಬಳಕೆಗೆ ತಕ್ಕಂತೆ ತಿದ್ದಬೇಕಾಯಿತು. ಪರವಾನಗಿ ಪಡೆದು ತಯಾರಿಸುವುದಕ್ಕೂ ಯಂತ್ರದ ಒಳಗುಟ್ಟು ತಿಳಿಯುವುದಕ್ಕೂ ಎಷ್ಟು ಅಂತರವಿದೆ ಎಂಬುದು ಆಗಲೇ ಗೊತ್ತಾಗಿತ್ತು. ಆದರೂ 1982ರಲ್ಲಿ ಮತ್ತೊಂದು ಪರವಾನಗಿ ಬಂತು. ಈ ಬಾರಿ ಫ್ರಾನ್ಸಿನ ಅಲ್ಕಾಟೆಲ್‌ನ ಡಿಜಿಟಲ್ ಎಕ್ಸ್‌ಚೇಂಜ್, ಕಾರ್ಖಾನೆ ಉತ್ತರ ಪ್ರದೇಶದ ಮಂಕಾಪುರದಲ್ಲಿ.

ಎರಡು ವರ್ಷ ಕಳೆದು, 1984ರ ಆಗಸ್ಟ್‌ನಲ್ಲಿ ಸಿ-ಡಾಟ್ ಸ್ಥಾಪನೆಯಾಯಿತು. ಎಪ್ಪತ್ತು ಕೋಟಿ ದಾಟಿದ್ದ ಜನರಿಗೆ ಆಗ ಇದ್ದದ್ದು ಸುಮಾರು 30 ಲಕ್ಷ ದೂರವಾಣಿ. ಹೊಸ ಸಂಪರ್ಕಕ್ಕೆ ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯುತ್ತಿದ್ದರು. ಅಮೆರಿಕದಿಂದ ಬಂದಿದ್ದ ಸ್ಯಾಮ್ ಪಿತ್ರೋಡಾ, ದೂರಸಂಪರ್ಕ ಇಲಾಖೆಯ ಅನುಭವವಿದ್ದ ಜಿ.ಬಿ. ಮೀಮಾಂಸಿ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಎಂ.ವಿ. ಪಿಟ್ಕೆ ಮೊದಲಾದವರು ಸೇರಿ ಕೊಟ್ಟ ಮಾತು ಸರಳವಾಗಿತ್ತು: 36 ತಿಂಗಳು, 36 ಕೋಟಿ ರೂಪಾಯಿ, ಸ್ವದೇಶಿ ಡಿಜಿಟಲ್ ಎಕ್ಸ್‌ಚೇಂಜ್. ಬಹುರಾಷ್ಟ್ರೀಯ ಕಂಪನಿಗಳು ಇದೇ ಕೆಲಸಕ್ಕೆ ಅದರ ಹಲವು ಪಟ್ಟು ಹಣ ಸುರಿದಿದ್ದ ಕಾಲ ಅದು. ಕೆಲಸಕ್ಕೆ ಸೇರಿದವರಲ್ಲಿ ಹೆಚ್ಚಿನವರು ಆಗಷ್ಟೇ ಕಾಲೇಜು ಬಿಟ್ಟ ಹುಡುಗ ಹುಡುಗಿಯರು. ದೆಹಲಿಯಲ್ಲೂ ಬೆಂಗಳೂರಿನಲ್ಲೂ ತಂಡಗಳಿದ್ದವು.

ಹೊಸ ಸಂಸ್ಥೆ ಶೂನ್ಯದಿಂದ ಹುಟ್ಟಿತು ಎಂದು ಹೇಳುವ ರೂಢಿಯಿದೆ. ಆದರೆ ಟೆಲಿಕಾಂ ಸಂಶೋಧನಾ ಕೇಂದ್ರವೂ ಟಿಐಎಫ್‌ಆರ್‌ ಕೂಡ ಅದಕ್ಕೂ ಹತ್ತು ಹನ್ನೆರಡು ವರ್ಷ ಮೊದಲೇ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್‌ಗಳ ಮೇಲೆ ಕೈಯಾಡಿಸಿದ್ದವು. ಆ ಪ್ರಯೋಗಗಳು ಕಾರ್ಖಾನೆಯನ್ನು ತಲುಪಿರಲಿಲ್ಲ, ಅಷ್ಟೇ. ಸಿ-ಡಾಟ್ ತಂದದ್ದು ಅವಸರ, ಸರ್ಕಾರಿ ಸಂಬಳಪಟ್ಟಿಯಿಂದ ಬಿಡುಗಡೆ, ಮತ್ತು ಪ್ರಧಾನಿಯ ಕಚೇರಿವರೆಗೆ ನೇರ ದಾರಿ. ಈ ಮೂರನೆಯದು ಎಷ್ಟು ಉಪಕಾರಿಯೋ ಅಷ್ಟೇ ಅಪಾಯಕಾರಿ ಎಂಬುದು ಮುಂದೆ ತಿಳಿಯಿತು.

1986ರ ಜುಲೈನಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಸಿ-ಡಾಟ್‌ನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಕೆಲಸ ಆರಂಭಿಸಿತು. 128 ಲೈನುಗಳ ಪುಟ್ಟ ಯಂತ್ರ. ಅದರ ದೊಡ್ಡ ಗುಣ, ಹವಾನಿಯಂತ್ರಣ ಬೇಡದಿರುವುದು. ವಿದೇಶಿ ಡಿಜಿಟಲ್ ಎಕ್ಸ್‌ಚೇಂಜ್‌ಗಳಿಗೆ ತಂಪಾದ, ದೂಳಿಲ್ಲದ ಕೋಣೆ ಬೇಕು. ಆದ್ದರಿಂದ ಅವು ನಗರ ಬಿಟ್ಟು ಆಚೆ ಬರುತ್ತಿರಲಿಲ್ಲ. ಇದನ್ನಾದರೋ ಊರಿನ ಯಾವುದೋ ಕೊಠಡಿಯಲ್ಲಿ ಇಡಬಹುದಿತ್ತು. ಕೆಟ್ಟರೆ ಹಾಳಾದ ಕಾರ್ಡನ್ನು ಕಿತ್ತು ಬೇರೊಂದನ್ನು ಸಿಕ್ಕಿಸಿದರಾಯಿತು. ಲೈನು ಕಡಿಮೆ, ಪ್ರತಿ ಲೈನಿನ ಮೇಲೂ ಕರೆಗಳ ಭಾರ ಹೆಚ್ಚು ಎಂಬ ನಮ್ಮ ಪರಿಸ್ಥಿತಿಯನ್ನೇ ಮೊದಲ ಶರತ್ತಾಗಿ ಇಟ್ಟುಕೊಂಡು ಇದನ್ನು ರೂಪಿಸಿದ್ದರು. ಜಗತ್ತಿನ ಅತ್ಯಾಧುನಿಕ ಯಂತ್ರದ ಹಿಂದೆ ಬೀಳದೆ, ಬೇರೆ ಯಾರೂ ತಲೆಕೆಡಿಸಿಕೊಳ್ಳದ ಗಿರಾಕಿಗಾಗಿ ಯಂತ್ರ ಕಟ್ಟಿದ್ದೇ ಇಡೀ ಯೋಜನೆಯ ಜಾಣತನ ಎಂದು ನನಗೆ ಅನಿಸುತ್ತದೆ.

ವಿನ್ಯಾಸವನ್ನು ಐಟಿಐಗೂ ಹತ್ತಾರು ಖಾಸಗಿ ತಯಾರಕರಿಗೂ ಕೊಡಲಾಯಿತು. ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಗಳು ಹುಟ್ಟಿಕೊಂಡವು. ಟ್ರಂಕ್ ಕಾಲ್ ಕಾಯ್ದಿರಿಸಿ ದಿನವಿಡೀ ಕೂರುತ್ತಿದ್ದ ಊರುಗಳಿಗೆ ಎಸ್‌ಟಿಡಿ ಬೂತ್ ಬಂದದ್ದರ ಹಿಂದೆ ಈ ಪೆಟ್ಟಿಗೆಗಳ ಪಾಲು ದೊಡ್ಡದು. ನಗರಗಳಿಗೆ ಬೇಕಾದ ದೊಡ್ಡ ಎಕ್ಸ್‌ಚೇಂಜ್ ಮಾತ್ರ 36 ತಿಂಗಳಲ್ಲಿ ಸಿದ್ಧವಾಗಲಿಲ್ಲ. ಅದು ಜಾಲಕ್ಕೆ ಬಂದದ್ದು 1990ರ ದಶಕದ ಆರಂಭದಲ್ಲಿ. ಎಕ್ಸ್‌ಚೇಂಜ್ ಕಟ್ಟುವ ಕೆಲಸದಲ್ಲಿ ಎರಡು ಮೂರು ವರ್ಷ ತಡವಾಗುವುದು ಎಲ್ಲ ದೇಶಗಳಲ್ಲೂ ಇದ್ದದ್ದೇ. ಇಲ್ಲಿ ಅಷ್ಟರೊಳಗೆ ದೆಹಲಿಯಲ್ಲಿ ಸರ್ಕಾರ ಬದಲಾಯಿತು, ವಿಚಾರಣೆ, ಪರಿಶೀಲನಾ ಸಮಿತಿ, ಪತ್ರಿಕೆಗಳಲ್ಲಿ ಆರೋಪ ಪ್ರತ್ಯಾರೋಪ ಎಲ್ಲವೂ ನಡೆದವು. ಎಂಜಿನಿಯರುಗಳು ಒಬ್ಬೊಬ್ಬರಾಗಿ ಹೊರಟರು. ಬೆಂಗಳೂರಿಗೆ 1985ರಲ್ಲೇ ಅಮೆರಿಕದ ಚಿಪ್ ಕಂಪನಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬಂದಾಗಿತ್ತು, ಇತರರೂ ಬರುತ್ತಿದ್ದರು. ಅವರಿಗೆ ಹೋಗಲು ಜಾಗವಿತ್ತು.

ಅದೇ ಹೊತ್ತಿಗೆ ಕೊರಿಯಾ ಏನು ಮಾಡುತ್ತಿತ್ತು? ಅಲ್ಲಿಯ ಮೊದಲ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ 1979ರಲ್ಲಿ ಬಂದದ್ದು ಆಂಟ್‌ವರ್ಪ್‌ನ ಅದೇ ಬೆಲ್ ಕಂಪನಿಯಿಂದ. ಬಳಿಕ ಸರ್ಕಾರಿ ಸಂಶೋಧನಾಲಯವಾದ ಇಟಿಆರ್‌ಐ ಸ್ವಂತ ಎಕ್ಸ್‌ಚೇಂಜ್‌ಗೆ ಕೈಹಾಕಿತು. ಸೋತರೆ ಯಾವ ಶಿಕ್ಷೆಗಾದರೂ ಸಿದ್ಧ ಎಂದು ಸಂಶೋಧಕರು ಬರೆದುಕೊಟ್ಟಿದ್ದರಂತೆ. 1986ರಲ್ಲಿ, ಕಿತ್ತೂರಿನ ವರ್ಷದಲ್ಲೇ, ಅವರ ಟಿಡಿಎಕ್ಸ್-1 ಕೂಡ ಸಣ್ಣ ಊರುಗಳಲ್ಲಿ ಕೆಲಸ ಆರಂಭಿಸಿತು. ವ್ಯತ್ಯಾಸ ಇಷ್ಟೇ: ಸ್ಯಾಮ್‌ಸಂಗ್, ಗೋಲ್ಡ್‌ಸ್ಟಾರ್ ಸೇರಿದಂತೆ ನಾಲ್ಕು ಕಂಪನಿಗಳು ಮೊದಲಿನಿಂದಲೇ ಸಂಶೋಧನಾಲಯದ ಜತೆಗೆ ಕೂತಿದ್ದವು. ತಯಾರಾದದ್ದನ್ನು ಕೊಳ್ಳುವುದಾಗಿ ದೂರವಾಣಿ ಸಂಸ್ಥೆ ಮಾತು ಕೊಟ್ಟಿತ್ತು. ಎಕ್ಸ್‌ಚೇಂಜ್ ಮುಗಿಯುವ ಮೊದಲೇ ಮುಂದಿನ ಕೆಲಸವೂ ಸಿಕ್ಕಿತು. 1991ರಲ್ಲಿ ಅಮೆರಿಕದ ಕ್ವಾಲ್ಕಾಮ್ ಕಂಪನಿಯ ಜತೆ ಒಪ್ಪಂದ, 1996ರಲ್ಲಿ ಅದರ ಸಿಡಿಎಂಎ ತಂತ್ರದ ಮೊಬೈಲ್ ಸೇವೆ. ಎಕ್ಸ್‌ಚೇಂಜ್ ಕಟ್ಟಿ ಪಳಗಿದ ಕೈಗಳೇ ಮೊಬೈಲ್ ಜಾಲವನ್ನೂ ಕಟ್ಟಿದವು.

ಚೀನಾದ ದಾರಿ ಬೇರೆ. 1984ರಲ್ಲಿ ಶಾಂಘೈ ಬೆಲ್ ಎಂಬ ಜಂಟಿ ಕಂಪನಿ ಶುರುವಾಯಿತು. ಪಾಲುದಾರ ಮತ್ತೆ ಆಂಟ್‌ವರ್ಪ್‌ನವನೇ. ಮಾರುಕಟ್ಟೆ ಕೊಟ್ಟು ತಂತ್ರಜ್ಞಾನ ಪಡೆಯುವುದು ನೀತಿ. ಆ ಯಂತ್ರಗಳನ್ನು ಊರೂರಿಗೆ ಅಳವಡಿಸಿ ರಿಪೇರಿ ಮಾಡಿದವರ ಮೂಲಕ ತಿಳಿವಳಿಕೆ ಹರಡಿತು. 1991ರಲ್ಲಿ ಸೇನೆಯ ಸಂಸ್ಥೆಯೊಂದರ ವೂ ಜಿಯಾಂಗ್‌ಶಿಂಗ್ ತಂಡ ಎಚ್‌ಜೆಡಿ-04 ಎಂಬ ಸ್ವಂತ ಎಕ್ಸ್‌ಚೇಂಜ್ ತಯಾರಿಸಿತು. ಶೆನ್‌ಜೆನ್‌ನಲ್ಲಿ ಬೇರೆಯವರ ಸಣ್ಣ ಸ್ವಿಚ್‌ಗಳನ್ನು ಮಾರುತ್ತಿದ್ದ ಹುವಾವೇ, ಕೆಲವೇ ವರ್ಷಗಳಲ್ಲಿ ತನ್ನದೇ ಎಕ್ಸ್‌ಚೇಂಜ್ ತಂದು ಮೊದಲು ಮಾರಿದ್ದು ವಿದೇಶಿ ಕಂಪನಿಗಳು ಕಾಲಿಡದ ಕೌಂಟಿಗಳಲ್ಲಿ, ಅಂದರೆ ನಮ್ಮ ತಾಲ್ಲೂಕಿನಂಥ ಪ್ರದೇಶಗಳಲ್ಲಿ. ಕಿತ್ತೂರಿನ ತರ್ಕವೇ ಅದು. 1999ರಲ್ಲಿ ಅದೇ ಹುವಾವೇ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರ ತೆರೆಯಿತು. ಇಲ್ಲಿ ಸಾಫ್ಟ್‌ವೇರ್ ಬರೆಯಬಲ್ಲವರು ಬೇಕಾದಷ್ಟಿದ್ದರು. ಬ್ರೆಜಿಲ್‌ನ ಕಾಂಪಿನಾಸ್‌ನಲ್ಲಿ 1976ರಿಂದ ಬೆಳೆದ ಸಂಶೋಧನಾಲಯ ಟ್ರಾಪಿಕೊ ಎಂಬ ಎಕ್ಸ್‌ಚೇಂಜ್ ಕೊಟ್ಟಿತು. 1998ರಲ್ಲಿ ಅಲ್ಲಿಯ ಸರ್ಕಾರಿ ದೂರವಾಣಿ ಸಂಸ್ಥೆ ಖಾಸಗಿಯವರ ಕೈಸೇರಿದಾಗ ಖಾಯಂ ಗಿರಾಕಿ ಇಲ್ಲವಾದ.

ನಮ್ಮ 1990ರ ದಶಕವನ್ನು ಬೇಗ ಹೇಳಿ ಮುಗಿಸಬಹುದು. 1994ರ ದೂರಸಂಪರ್ಕ ನೀತಿ, 1995ರಲ್ಲಿ ಮೊಬೈಲ್, 1997ರಲ್ಲಿ ಉಪಕರಣಗಳ ಆಮದು ಸುಂಕವನ್ನು ಸೊನ್ನೆಗಿಳಿಸುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ. ಒಂದೊಂದಾಗಿ ನೋಡಿದರೆ ಎಲ್ಲಕ್ಕೂ ಸಮರ್ಥನೆ ಇದೆ. ಗ್ರಾಹಕನಿಗಂತೂ ಲಾಭವೇ ಆಯಿತು, ಕರೆ ಅಗ್ಗವಾಯಿತು. ಆದರೆ ಇವುಗಳಲ್ಲಿ ಯಾವುದನ್ನು ತೀರ್ಮಾನಿಸುವಾಗಲೂ ಎಕ್ಸ್‌ಚೇಂಜ್ ಕಟ್ಟಿದವರಿಗೆ ಮೊಬೈಲ್ ಕೆಲಸ ಕೊಡಬೇಕೆಂದು ಗಟ್ಟಿಯಾಗಿ ಕೇಳಿದವರಿರಲಿಲ್ಲ. ಇಲ್ಲಿಯ ಮೊಬೈಲ್ ಸೇವೆ ಬಳಸಿದ ಜಿಎಸ್‌ಎಂ ತಂತ್ರದ ಉಪಕರಣ ಎರಿಕ್ಸನ್, ನೋಕಿಯಾ, ಸೀಮೆನ್ಸ್‌ಗಳಿಂದ ಬಂತು. ಸಿ-ಡಾಟ್ ಸ್ಥಿರ ದೂರವಾಣಿಯಲ್ಲೇ ಉಳಿಯಿತು, ಸ್ಥಿರ ದೂರವಾಣಿಯೇ ಮೂಲೆಗೆ ಸರಿಯಿತು. 2016ರಲ್ಲಿ ಜಿಯೊ ದೇಶದಾದ್ಯಂತ 4ಜಿ ಹಾಸಿದಾಗ ಅದಕ್ಕೆ ಉಪಕರಣ ಕೊಟ್ಟದ್ದು ಸ್ಯಾಮ್‌ಸಂಗ್, ಅಂದರೆ ಟಿಡಿಎಕ್ಸ್-1ರ ಕಾಲದಲ್ಲಿ ಇಟಿಆರ್‌ಐ ಪಕ್ಕದಲ್ಲಿ ಕೂತು ಕಲಿತ ನಾಲ್ಕರಲ್ಲಿ ಒಂದು.

ಈಗಿನ ಸ್ವದೇಶಿ 4ಜಿ ಆ ಕಡಿದ ಎಳೆಯನ್ನು ಮತ್ತೆ ಗಂಟು ಹಾಕುವ ಯತ್ನ. ಬಿಎಸ್‌ಎನ್‌ಎಲ್ ತಡವಾಯಿತೆಂದು ಬೈಯುವವರ ಸಿಟ್ಟು ನ್ಯಾಯವಾದದ್ದೇ. ಆದರೆ ಇಪ್ಪತ್ತು ವರ್ಷ ಬಿಟ್ಟ ಕೆಲಸವನ್ನು ಕೆಲವೇ ವರ್ಷಗಳಲ್ಲಿ ಮಾಡಿದ ಎಂಜಿನಿಯರುಗಳ ಲೆಕ್ಕ ಬೇರೆಯೇ ಇದೆ. ಈ ಉಪಕರಣವನ್ನು ಸಾಫ್ಟ್‌ವೇರ್ ಬದಲಿಸಿ 5ಜಿಗೆ ಏರಿಸಬಹುದು ಎನ್ನುತ್ತಾರೆ. ಒಳಗಿನ ಮುಖ್ಯ ಚಿಪ್‌ಗಳು 1986ರಲ್ಲಿದ್ದಂತೆ ಈಗಲೂ ಹೊರಗಿನವು. ಅದಕ್ಕಿಂತ ತುರ್ತಿನ ವಿಷಯ ಖರೀದಿ. ಏರ್‌ಟೆಲ್ ಈಗಲೂ ಎರಿಕ್ಸನ್, ನೋಕಿಯಾ, ಸ್ಯಾಮ್‌ಸಂಗ್‌ಗಳಿಂದ ಕೊಳ್ಳುತ್ತದೆ. ಜಿಯೊ ತನ್ನದೇ 5ಜಿ ಕೋರ್ ಬೆಳೆಸಿಕೊಂಡಿದೆ. ಸ್ವದೇಶಿ 4ಜಿಗೆ ದೇಶದೊಳಗೆ ಇರುವ ದೊಡ್ಡ ಗಿರಾಕಿ ಬಿಎಸ್‌ಎನ್‌ಎಲ್ ಒಂದೇ, ಅದೂ ಸರ್ಕಾರದ ನೆರವಿನಿಂದ ಉಸಿರಾಡುತ್ತಿರುವ ಸಂಸ್ಥೆ. ಅದರ ಮುಂದಿನ ಆರ್ಡರ್ ಯಾವಾಗ ಬರುತ್ತದೆ, ಎಷ್ಟು ದೊಡ್ಡದಿರುತ್ತದೆ ಎಂಬುದರ ಮೇಲೆ ಈ ಎಂಜಿನಿಯರುಗಳು ಇಲ್ಲೇ ಉಳಿಯುವರೋ 1990ರ ಹಾಗೆ ಚದುರುವರೋ ಎಂಬುದು ನಿಂತಿದೆ.