ಟೈರ್ ದೊಡ್ಡದು ಹಾಕಿಸಿದ ಮೇಲೆ ಜಿಪ್ಸಿ ಮೀಟರ್ ತಪ್ಪು ತೋರಿಸುತ್ತಿದೆಯಾ? ಮುಳ್ಳು ಮುಟ್ಟಬೇಡಿ

ಓದುಗರ ಪ್ರಶ್ನೆ: "ಸರ್, ನಮ್ಮದು ಸಂಡೂರು ತಾಲೂಕು. ಮನೆಯಲ್ಲಿ ಹಳೇ ಜಿಪ್ಸಿ ಕಿಂಗ್ ಇದೆ. ಮೊದಲು 205/70 ಆರ್15 ಟೈರ್ ಇದ್ದವು. ಗುಡ್ಡದ ದಾರಿಗೆ ಚೆನ್ನಾಗಿರ್ತದೆ ಅಂತ 235/75 ಆರ್15 ಹಾಕಿಸಿದೆ. ಈಗ ಮೀಟರ್ 60 ತೋರಿಸುವಾಗ ಮೊಬೈಲಿನ ಜಿಪಿಎಸ್ 64 ತೋರಿಸ್ತದೆ. ಮೈಲೇಜೂ ಬಿದ್ದಂಗಿದೆ. ಮುಳ್ಳು ಕಿತ್ತು ಸ್ವಲ್ಪ ಮುಂದಕ್ಕೆ ಕೂರಿಸಿದರೆ ಸರಿ ಹೋಗ್ತದೆ ಅಂತ ಮೆಕ್ಯಾನಿಕ್ ಹೇಳ್ತಾರೆ. ಮಾಡಿಸಲಾ?"

ಬೇಡ. ಮುಳ್ಳು ಮುಂದಕ್ಕೆ ಕೂರಿಸಿದರೆ 60ರಲ್ಲಿ ಸರಿ ಬರಬಹುದು. ಆದರೆ 30ರಲ್ಲಿ ಜಾಸ್ತಿ ತೋರಿಸುತ್ತದೆ, 90ರಲ್ಲಿ ಕಡಿಮೆ ತೋರಿಸುತ್ತದೆ. ಗಾಡಿ ನಿಂತಿದ್ದರೂ ಮುಳ್ಳು ಸೊನ್ನೆಗಿಂತ ಮೇಲೇ ಇರಲು ನೋಡುತ್ತದೆ. ಅದಕ್ಕಿಂತ ಮುಖ್ಯ ವಿಷಯ ಇನ್ನೊಂದಿದೆ. ನಿಮ್ಮ ತಪ್ಪು ಮುಳ್ಳಿನಲ್ಲಿ ಇಲ್ಲವೇ ಇಲ್ಲ. ಕಿಲೋಮೀಟರ್ ಎಣಿಸುವ ಓಡೋಮೀಟರ್ ಕೂಡ ತಪ್ಪು ಎಣಿಸುತ್ತಿದೆ, ಅದನ್ನು ಯಾರೂ ನೋಡಿಲ್ಲ.

ಮೊದಲು ಮೀಟರ್ ಹೇಗೆ ಓಡುತ್ತದೆ ನೋಡೋಣ. ಜಿಪ್ಸಿಯಲ್ಲಾಗಲಿ ಹಳೇ ಮಹೀಂದ್ರ ಜೀಪಿನಲ್ಲಾಗಲಿ ಮೀಟರಿಗೆ ಚಕ್ರದ ವೇಗ ನೇರವಾಗಿ ಗೊತ್ತಾಗುವುದಿಲ್ಲ. ಗೇರ್‌ಬಾಕ್ಸಿನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಡಬ್ಬಿಗೆ ಟ್ರಾನ್ಸ್‌ಫರ್ ಕೇಸ್ ಅನ್ನುತ್ತಾರೆ. ಅದರ ಔಟ್‌ಪುಟ್ ಶಾಫ್ಟ್ ಮೇಲೆ ಒಂದು ವರ್ಮ್, ಅಂದರೆ ಸ್ಕ್ರೂ ತರಹದ ಹಲ್ಲು ಇರುತ್ತದೆ. ಅದು ಒಂದು ಚಿಕ್ಕ ಗೇರ್ ತಿರುಗಿಸುತ್ತದೆ. ಆ ಗೇರಿಗೆ ಮೀಟರ್ ಕೇಬಲ್ ಸಿಕ್ಕಿಸಿರುತ್ತಾರೆ. ಕೇಬಲ್ಲಿನ ಇನ್ನೊಂದು ತುದಿ ಡ್ಯಾಶ್‌ಬೋರ್ಡ್ ಹಿಂದೆ ಬಂದು ಎರಡು ಕೆಲಸ ಮಾಡುತ್ತದೆ. ಒಂದು, ಹಲ್ಲಿನ ಚಕ್ರಗಳ ಮೂಲಕ ಓಡೋಮೀಟರ್ ಅಂಕಿ ತಿರುಗಿಸುತ್ತದೆ. ಎರಡು, ಒಂದು ಪುಟ್ಟ ಆಯಸ್ಕಾಂತವನ್ನು ಗಿರ್ರನೆ ತಿರುಗಿಸುತ್ತದೆ. ಅದರ ಮೇಲೆ ಮುಟ್ಟದ ಹಾಗೆ ಅಲ್ಯೂಮಿನಿಯಂ ಬಟ್ಟಲೊಂದು ಕೂತಿರುತ್ತದೆ. ಆಯಸ್ಕಾಂತ ತಿರುಗಿದಷ್ಟೂ ಬಟ್ಟಲು ಅದರ ಹಿಂದೆ ಎಳೆದುಕೊಂಡು ಹೋಗಲು ನೋಡುತ್ತದೆ, ಕೂದಲಿನಷ್ಟು ತೆಳ್ಳಗಿನ ಸ್ಪ್ರಿಂಗ್ ಹಿಂದಕ್ಕೆ ಹಿಡಿದುಕೊಳ್ಳುತ್ತದೆ. ಮುಳ್ಳು ಆ ಬಟ್ಟಲಿನ ಮೇಲೇ ಇರುವುದು.

ಅಂದರೆ ಓಡೋಮೀಟರ್ ಬರೀ ಲೆಕ್ಕ. ಹಲ್ಲಿಗೆ ಹಲ್ಲು. ಅದು ಹಳೆಯದಾದರೂ ಓಡುವಷ್ಟು ದಿನ ಎಣಿಕೆ ತಪ್ಪುವುದಿಲ್ಲ. ಮುಳ್ಳು ಹಾಗಲ್ಲ. ಆಯಸ್ಕಾಂತದ ಶಕ್ತಿ ಕುಗ್ಗಿದರೆ ಕಡಿಮೆ ತೋರಿಸುತ್ತದೆ, ಸ್ಪ್ರಿಂಗ್ ಸೋತರೆ ಜಾಸ್ತಿ ತೋರಿಸುತ್ತದೆ. ಹಾಗಾಗಿ ಯಾವ ಹಳೇ ಗಾಡಿಯ ಮೀಟರ್ ತಪ್ಪಿದರೂ ನಾನು ಮೊದಲು ಕೇಳುವುದು ಒಂದೇ: ಓಡೋಮೀಟರ್ ಸರಿ ಇದೆಯಾ? ಅದು ಸರಿ ಇದ್ದು ಮುಳ್ಳು ಮಾತ್ರ ತಪ್ಪಿದ್ದರೆ ಕಾಯಿಲೆ ಮೀಟರ್ ಡಬ್ಬಿಯೊಳಗೆ. ಎರಡೂ ತಪ್ಪಿದ್ದರೆ ಕಾಯಿಲೆ ಕೆಳಗಡೆ, ಟೈರ್ ಅಥವಾ ಗೇರಿನಲ್ಲಿ.

ನಿಮ್ಮ ಟೈರಿನ ಲೆಕ್ಕ ಮಾಡೋಣ. 205/70 ಆರ್15 ಅಂದರೆ ಅಗಲ 205 ಮಿ.ಮೀ. ಗೋಡೆಯ ಎತ್ತರ ಅದರ ಶೇ 70, ಅಂದರೆ 143.5. ಮೇಲೊಂದು ಕೆಳಗೊಂದು ಸೇರಿ 287. ರಿಮ್ 15 ಇಂಚು, ಅಂದರೆ 381. ಒಟ್ಟು ವ್ಯಾಸ 668 ಮಿ.ಮೀ. ಅದೇ ರೀತಿ 235/75 ಆರ್15ಗೆ ಮಾಡಿದರೆ 733.5 ಮಿ.ಮೀ. ಬರುತ್ತದೆ. ಭಾಗಿಸಿದರೆ 1.098. ಚಕ್ರ ಒಂದು ಸುತ್ತು ಹಾಕಿದರೆ ಈಗ ಗಾಡಿ ಮೊದಲಿಗಿಂತ ಸುಮಾರು ಶೇ 10ರಷ್ಟು ಜಾಸ್ತಿ ದೂರ ಹೋಗುತ್ತದೆ. ಕೇಬಲ್ಲಿಗೆ ಅದು ಗೊತ್ತಿಲ್ಲ. ಹಳೇ ಟೈರೇ ಇದೆ ಅಂದುಕೊಂಡು ಎಣಿಸುತ್ತಿದೆ.

ಹಾಗಾದರೆ ಮೀಟರ್ 60 ಇದ್ದಾಗ ಮೊಬೈಲ್ 66 ತೋರಿಸಬೇಕಿತ್ತು ಅಲ್ವಾ? 64 ಯಾಕೆ? ಇಲ್ಲೇ ಬಹಳ ಜನ ಎಡವುವುದು. ಕಂಪನಿಯವರು ಸ್ಪೀಡೋಮೀಟರನ್ನು ಬೇಕಂತಲೇ ಸ್ವಲ್ಪ ಜಾಸ್ತಿ ತೋರಿಸುವಂತೆ ಮಾಡಿರುತ್ತಾರೆ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವ ಹಾಗೇ ಇಲ್ಲ. ಜಾಸ್ತಿ ತೋರಿಸಿದರೆ ನಿಜ ವೇಗದ ಶೇ 10 ಮತ್ತು ಮೇಲೆ 4 ಕಿ.ಮೀ. ತನಕ ನಡೆಯುತ್ತದೆ. ನಿಜವಾಗಿ 60ರಲ್ಲಿ ಹೋಗುವಾಗ ಮುಳ್ಳು 60ರಿಂದ 70ರ ನಡುವೆ ಎಲ್ಲಿದ್ದರೂ ಸರಿ. ನಿಮ್ಮ ಜಿಪ್ಸಿಯ ಮುಳ್ಳು ಮೊದಲೇ ಸುಮಾರು ಶೇ 3ರಷ್ಟು ಜಾಸ್ತಿ ತೋರಿಸುತ್ತಿತ್ತು ಅಂತ ಇಟ್ಟುಕೊಳ್ಳಿ. ಆಗ ಮುಳ್ಳು 60 ಅಂದರೆ ನಿಜ ವೇಗ 58.3. ಹೊಸ ಟೈರಿನ 1.098ರಿಂದ ಗುಣಿಸಿ ನೋಡಿ, ಸರಿಯಾಗಿ 64.

ಓಡೋಮೀಟರಿಗೆ ಈ ಶೇ 3ರ ರಿಯಾಯಿತಿ ಇಲ್ಲ. ಅದು 100 ಎಣಿಸುವಾಗ ಗಾಡಿ ಸುಮಾರು 110 ಓಡಿರುತ್ತದೆ. ಮೈಲೇಜ್ ಬಿದ್ದ ಗುಟ್ಟೂ ಇಲ್ಲೇ ಇದೆ. ಮೀಟರಿನಲ್ಲಿ 200 ಕಿ.ಮೀ. ಓಡಿಸಿ 20 ಲೀಟರ್ ಪೆಟ್ರೋಲ್ ಹಾಕಿಸಿದರೆ ಲೀಟರಿಗೆ 10 ಅಂತ ಲೆಕ್ಕ ಬರುತ್ತದೆ. ಗಾಡಿ ನಿಜವಾಗಿ ಓಡಿದ್ದು 220, ಅಂದರೆ ಲೀಟರಿಗೆ 11. ದೊಡ್ಡ ಟೈರ್ ಭಾರ ಇರುತ್ತದೆ, ಎಂಜಿನ್ನಿಗೆ ಎಳೆಯುವುದು ಕಷ್ಟ, ಸ್ವಲ್ಪ ಮೈಲೇಜ್ ನಿಜವಾಗಿಯೂ ಬೀಳುತ್ತದೆ. ಆದರೆ ನಿಮಗೆ ಕಾಣುತ್ತಿರುವಷ್ಟು ಅಲ್ಲ. ಆಯಿಲ್ ಬದಲಾಯಿಸುವ ಲೆಕ್ಕವೂ ಹೀಗೇ ತಪ್ಪುತ್ತದೆ. 5000ಕ್ಕೆ ಅಂತ ಬಿಟ್ಟರೆ ಸುಮಾರು 5500 ಓಡಿರುತ್ತದೆ.

ಲೆಕ್ಕ ಬಿಟ್ಟು ರಸ್ತೆಯಲ್ಲಿ ಒಮ್ಮೆ ನೋಡಲೇಬೇಕು. ಸಂಡೂರಿನ ಘಾಟಿ ತಿರುವುಗಳಲ್ಲಿ ಬೇಡ. ಒಂದೇ ವೇಗ ಹಿಡಿಯಲು ಆಗುವುದಿಲ್ಲ, ಗುಡ್ಡದ ಸಂದಿಯಲ್ಲಿ ಜಿಪಿಎಸ್ ಕೂಡ ತಡವರಿಸುತ್ತದೆ. ತೋರಣಗಲ್ಲು ಕಡೆಯ ಹೆದ್ದಾರಿಯಲ್ಲಿ ಲಾರಿಗಳ ಸಾಲು. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ರಸ್ತೆ ಒಳ್ಳೆಯದು. ಗದ್ದೆ ಸೀಮೆ, ಸಮತಟ್ಟು, ಮೇಲೆ ಬಯಲು ಆಕಾಶ. ಕೊಪ್ಪಳ ಜಿಲ್ಲೆಯವರಿಗೆ ಕುಷ್ಟಗಿ ಹಾದು ಹೋಗುವ 50ನೇ ಹೆದ್ದಾರಿ ಇದೆ. ಬೆಳಗ್ಗೆ ಬೇಗ ಹೋಗಿ. ಟೈರಿಗೆ ಸರಿಯಾಗಿ ಗಾಳಿ ಹಾಕಿಸಿಕೊಂಡಿರಿ. ಮೊಬೈಲ್ ನೋಡಲು ಪಕ್ಕದ ಸೀಟಿನಲ್ಲಿ ಒಬ್ಬರು ಕೂತಿರಲಿ. ಓಡಿಸುವವರು ಮೊಬೈಲ್ ನೋಡುವುದು ಬೇಡವೇ ಬೇಡ.

ಮುಳ್ಳನ್ನು 40, 60, 80ರಲ್ಲಿ ಸ್ವಲ್ಪ ಹೊತ್ತು ಅಲುಗದಂತೆ ಹಿಡಿದು, ಪ್ರತಿ ಸಲ ಮೊಬೈಲ್ ಎಷ್ಟು ಅಂತ ಬರೆಸಿ. 43, 64, 85 ಹೀಗೆ ಬಂದರೆ ತಪ್ಪು ಎಲ್ಲ ವೇಗದಲ್ಲೂ ಒಂದೇ ಪ್ರಮಾಣದಲ್ಲಿದೆ ಅಂತ ಅರ್ಥ. 45, 65, 85 ಬಂದರೆ ಬೇರೆ ಕಥೆ. ಎಲ್ಲ ಕಡೆ ಒಂದೇ 5 ವ್ಯತ್ಯಾಸ ಇದ್ದರೆ ಮುಳ್ಳು ತನ್ನ ಜಾಗ ಬಿಟ್ಟು ಕೂತಿದೆ. ಮುಳ್ಳು ಕಿತ್ತು ಕೂರಿಸುವ ಔಷಧಿ ಆ ಒಂದು ಕಾಯಿಲೆಗೆ ಮಾತ್ರ.

ಆಮೇಲೆ ಓಡೋಮೀಟರ್. ಕಿಲೋಮೀಟರ್ ಕಲ್ಲು ನೋಡಿಕೊಂಡು ಹೋಗಬಹುದು, ಆದರೆ ಒಂದೆರಡು ಕಲ್ಲು ನಂಬಬೇಡಿ. ರಸ್ತೆ ಅಗಲ ಮಾಡಿದಾಗ, ತಿರುವು ನೇರ ಮಾಡಿದಾಗ ಕಲ್ಲಿನ ನಡುವಿನ ದೂರ ಹೆಚ್ಚುಕಡಿಮೆ ಆಗಿರುತ್ತದೆ. ಹತ್ತು ಕಲ್ಲಾದರೂ ದಾಟಿ, ಜೊತೆಗೆ ಮೊಬೈಲ್‌ನ ದೂರವನ್ನೂ ಇಟ್ಟುಕೊಳ್ಳಿ. ನಿಜವಾಗಿ 22 ಕಿ.ಮೀ. ಹೋದಾಗ ಓಡೋಮೀಟರ್ ಸುಮಾರು 20 ಎಣಿಸಿದ್ದರೆ ನಮ್ಮ ಲೆಕ್ಕ ಸರಿ. 22ನ್ನು 20ರಿಂದ ಭಾಗಿಸಿ. ಬಂದ 1.1ನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕೇಬಲ್ ಈಗಿನ ವೇಗದ 1.1 ಪಟ್ಟು ವೇಗದಲ್ಲಿ ತಿರುಗಬೇಕು.

ಗಮನಿಸಿ, ನಾವು ಓಡೋಮೀಟರಿನ ಅಂಕಿ ಹಿಡಿದುಕೊಂಡೆವು, ಮುಳ್ಳಿನದಲ್ಲ. 60ಕ್ಕೆ 64 ಅಂತ ಮುಳ್ಳಿಗೆ ಹೊಂದಿಸಿದರೆ ಮುಳ್ಳು ಮೊಬೈಲ್‌ಗೆ ಸರಿಸಮ ಆಗುತ್ತದೆ, ಓಡೋಮೀಟರ್ ಮಾತ್ರ ಶೇ 3ರಷ್ಟು ಹಿಂದೆಯೇ ಉಳಿಯುತ್ತದೆ. ಓಡೋಮೀಟರಿಗೆ ಹೊಂದಿಸಿದರೆ ಎಣಿಕೆಯೂ ಸರಿ, ಮುಳ್ಳೂ ಕಂಪನಿಯವರು ಇಟ್ಟ ಜಾಗಕ್ಕೆ, ಅಂದರೆ ಸ್ವಲ್ಪ ಜಾಸ್ತಿ ತೋರಿಸುವ ಕಡೆಗೆ ಹೋಗುತ್ತದೆ. ಅದೇ ಬೇಕಾದದ್ದು.

ಇನ್ನು ರಿಪೇರಿ. ದಾರಿ ಎರಡಿವೆ.

ಮೊದಲನೆಯದು ಆ ಚಿಕ್ಕ ಮೀಟರ್ ಗೇರ್ ಬದಲಾಯಿಸುವುದು. ಹಲ್ಲು ಕಡಿಮೆಯಾದರೆ ಗೇರ್ ಜೋರಾಗಿ ತಿರುಗುತ್ತದೆ. ಉದಾಹರಣೆಗೆ 12 ಹಲ್ಲಿನ ಜಾಗಕ್ಕೆ 11 ಹಲ್ಲಿನದು ಹಾಕಿದರೆ ವೇಗ ಶೇ 9ರಷ್ಟು ಏರುತ್ತದೆ. ನಿಮ್ಮದರಲ್ಲಿ ಎಷ್ಟು ಹಲ್ಲಿವೆ ಅಂತ ಬಿಚ್ಚಿ ಎಣಿಸಿಯೇ ಅಂಗಡಿಗೆ ಹೋಗಿ, ಹಳೇ ಗೇರನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ಹಲ್ಲಿನ ಸಂಖ್ಯೆ ಸರಿ ಇದ್ದರೆ ಸಾಲದು. ಓರೆ, ದಪ್ಪ, ಶಾಫ್ಟ್ ಅಳತೆ ಎಲ್ಲ ಕೂಡಿ ಬರಬೇಕು. ಹತ್ತಿರ ಹತ್ತಿರ ಇದೆ ಅಂತ ಯಾವುದೋ ಗಾಡಿಯ ಗೇರ್ ತುರುಕಿದರೆ ವರ್ಮ್ ಅದನ್ನು ತಿಂದು ಹಾಕುತ್ತದೆ, ಆ ಚೂರುಗಳೆಲ್ಲ ಟ್ರಾನ್ಸ್‌ಫರ್ ಕೇಸಿನ ಆಯಿಲ್ ಸೇರುತ್ತವೆ.

ಸರಿಯಾದ ಗೇರ್ ಸಿಗದಿದ್ದರೆ ಎರಡನೆಯದು, ರೇಷಿಯೋ ಅಡಾಪ್ಟರ್. ಕೇಬಲ್ ಮತ್ತು ಟ್ರಾನ್ಸ್‌ಫರ್ ಕೇಸಿನ ನಡುವೆ ಕೂರುವ ಪುಟ್ಟ ಗೇರ್ ಡಬ್ಬಿ ಇದು. ನಿಮ್ಮ ಚೀಟಿಯ ಅಂಕಿ ಕೊಟ್ಟು ಆ ರೇಷಿಯೋದ್ದೇ ಕೇಳಬೇಕು. ಸಿಕ್ಕರೆ ನಾನು ಇದನ್ನೇ ಹಾಕಿಸುತ್ತೇನೆ. ನಾಳೆ ಹಳೇ ಅಳತೆಯ ಟೈರಿಗೆ ಮರಳಿದರೆ ಅಡಾಪ್ಟರ್ ತೆಗೆದು ಕೇಬಲ್ ಮೊದಲಿನಂತೆ ಸಿಕ್ಕಿಸಿದರೆ ಮುಗಿಯಿತು, ಒಳಗಿನ ಗೇರ್ ಮುಟ್ಟಿರುವುದಿಲ್ಲ.

ಮೀಟರ್ ರಿಪೇರಿ ಮಾಡುವವರು ಆಯಸ್ಕಾಂತದ ಶಕ್ತಿ ಹೆಚ್ಚು ಕಡಿಮೆ ಮಾಡಿ, ಸ್ಪ್ರಿಂಗ್ ಬಿಗಿ ಮಾಡಿ ಮುಳ್ಳು ಸರಿಪಡಿಸುತ್ತಾರೆ. ಅದು ದೊಡ್ಡ ಕೈಚಳಕದ ಕೆಲಸ. ಓಡೋಮೀಟರ್ ಸರಿ ಇದ್ದು ಮುಳ್ಳು ಮಾತ್ರ ಸುಳ್ಳು ಹೇಳುವ ಗಾಡಿಗೆ ಅವರೇ ಬೇಕು. ಜಪಾನಿ ಅಳತೆಯ ಮೀಟರ್‌ಗಳಲ್ಲಿ ಕೇಬಲ್ ಒಂದು ಕಿಲೋಮೀಟರಿಗೆ 637 ಸುತ್ತು ತಿರುಗುತ್ತದೆ. ಅಂದರೆ ನಿಮಿಷಕ್ಕೆ 637 ಸುತ್ತು ಕೊಟ್ಟರೆ ಮುಳ್ಳು 60ರ ಆಸುಪಾಸು ನಿಲ್ಲಬೇಕು. ಆ ಮೀಟರನ್ನು ಮೇಜಿನ ಮೇಲಿಟ್ಟು ಹೀಗೆ ಪರೀಕ್ಷೆ ಮಾಡಬಹುದು. ಆದರೆ ಟೈರಿನಿಂದ ಬಂದ ತಪ್ಪಿಗೆ ಇದು ಮದ್ದಲ್ಲ. ಮುಳ್ಳು ಸರಿಯಾಗುತ್ತದೆ, ಕಿಲೋಮೀಟರ್ ಲೆಕ್ಕ ತಪ್ಪಾಗಿಯೇ ಓಡುತ್ತದೆ.

ನಮ್ಮ ಸೀಮೆಯ ಗಾಡಿಗಳಲ್ಲಿ ಕೇಬಲ್ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಅದಿರಿನ ಕೆಂಪು ಧೂಳು ಕೇಬಲ್ಲಿನ ಹೊರ ಕವಚದ (ಔಟರ್) ಬಿರುಕಿನಲ್ಲಿ ಒಳಗೆ ಇಳಿಯುತ್ತದೆ, ಬೇಸಿಗೆಯ ಕಾವಿಗೆ ಗ್ರೀಸ್ ಒಣಗುತ್ತದೆ. ಎರಡೂ ಸೇರಿ ಸಾಣೆಯ ಪೇಸ್ಟಿನಂತೆ ಒಳಗಿನ ತಂತಿಯನ್ನು ತಿನ್ನುತ್ತವೆ. ಮುಳ್ಳು ಒಂದೇ ಕಡೆ ನಿಲ್ಲದೆ ತಡಬಡ ಕುಣಿಯುತ್ತಿದ್ದರೆ ಟೈರ್ ಲೆಕ್ಕಕ್ಕೆ ಹೋಗಲೇಬೇಡಿ, ಮೊದಲು ಕೇಬಲ್ ನೋಡಿ. ಮೀಟರ್ ಹಿಂದಿನ ನಟ್ ಬಿಚ್ಚಿ ಒಳಗಿನ ತಂತಿ (ಇನ್ನರ್) ಎಳೆದು ತೆಗೆಯಿರಿ. ಬಟ್ಟೆಯಲ್ಲಿ ಒರೆಸಿ, ನೆಲದ ಮೇಲೆ ಉದ್ದಕ್ಕೆ ಮಲಗಿಸಿ ಉರುಳಿಸಿ. ಎಲ್ಲಾದರೂ ಎಗರಿದರೆ ಅಲ್ಲಿ ಬೆಂಡ್ ಇದೆ, ಕೇಬಲ್ ಬದಲಾಯಿಸುವುದೇ ವಾಸಿ. ಚೆನ್ನಾಗಿದ್ದರೆ ತೆಳ್ಳಗೆ ಗ್ರೀಸ್ ಸವರಿ ಹಾಕಿ. ಮೀಟರ್ ಕಡೆಯ ಒಂದು ಗೇಣು ಮಾತ್ರ ಒಣಗಿಯೇ ಇರಲಿ. ಅಲ್ಲಿ ಗ್ರೀಸ್ ಜಾಸ್ತಿಯಾದರೆ ಮೇಲೇರಿ ಆಯಸ್ಕಾಂತ ಮತ್ತು ಬಟ್ಟಲಿನ ನಡುವೆ ಸೇರುತ್ತದೆ, ಮುಳ್ಳು ಮೇಲಕ್ಕೆ ಹೋದದ್ದು ಕೆಳಗೆ ಬರುವುದಿಲ್ಲ. ಕೇಬಲ್ ಬಿಚ್ಚಿದಾಗ ಆ ತುದಿ ಆಯಿಲ್‌ನಲ್ಲಿ ನೆಂದಿದ್ದರೆ ಕೆಳಗೆ ಮೀಟರ್ ಗೇರಿನ ಸೀಲ್ ಹೋಗಿದೆ. ಸೀಲ್ ಹಾಕದೆ ಮೀಟರ್ ಮಾತ್ರ ತೊಳೆಸಿದರೆ ಸುಮ್ನೆ ದುಡ್ಡು ದಂಡ.

ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಜಾಸ್ತಿ ಎಳೆತದ ಗೇರ್) ಹಾಕಿದಾಗ ಮೀಟರ್ ತಪ್ಪುತ್ತದಾ ಅಂತಲೂ ಕೆಲವರು ಕೇಳುತ್ತಾರೆ. ಇಲ್ಲ, ಕೇಬಲ್ ಹೊರಡುವುದು ಲೋ ಗೇರ್ ದಾಟಿದ ಮೇಲಿನ ಶಾಫ್ಟಿನಿಂದ. ಕ್ರೌನ್ ಪಿನಿಯನ್, ಅಂದರೆ ಆಕ್ಸಲಿನೊಳಗೆ ಚಕ್ರ ತಿರುಗಿಸುವ ಗೇರ್ ಜೋಡಿ, ಬದಲಾಯಿಸಿದ್ದರೆ ಮಾತ್ರ ತಪ್ಪುತ್ತದೆ. ಅದಕ್ಕೂ ಇದೇ ಲೆಕ್ಕ, ಇದೇ ಪರೀಕ್ಷೆ. ಕೇಬಲ್ ಇಲ್ಲದ, ಸೆನ್ಸರ್ ಇರುವ ಹೊಸ ಗಾಡಿಗಳಿಗೆ ಗೇರ್ ಹುಡುಕುವ ತಾಪತ್ರಯ ಇಲ್ಲ. ಸೆನ್ಸರ್ ವೈರಿನ ನಡುವೆ ಕೂರಿಸುವ ಎಲೆಕ್ಟ್ರಾನಿಕ್ ಕರೆಕ್ಷನ್ ಬಾಕ್ಸ್‌ಗೆ ಅಂಕಿ ಕೊಟ್ಟರೆ ಆಯಿತು.

ಕೆಲಸ ಮುಗಿದ ಮೇಲೆ ಅದೇ ರಸ್ತೆಯಲ್ಲಿ, ಅದೇ ಗಾಳಿ ಒತ್ತಡದಲ್ಲಿ ಮತ್ತೆ ಒಮ್ಮೆ ಓಡಿಸಿ ನೋಡಿ. ದೂರ ಶೇ 1ರಷ್ಟು ಹೆಚ್ಚುಕಡಿಮೆ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಟೈರ್ ಸವೆದು ಒಂದು ಸೆಂಟಿಮೀಟರ್ ವ್ಯಾಸ ಕಡಿಮೆಯಾದರೇ ಶೇ 1ಕ್ಕಿಂತ ಜಾಸ್ತಿ ಬದಲಾಗುತ್ತದೆ. ಓಡೋಮೀಟರಿನ ಹಳೇ ಅಂಕಿಯನ್ನು ಮುಂದಕ್ಕೆ ತಿರುಗಿಸಿ ಸರಿ ಮಾಡಿಸಲು ಹೋಗಬೇಡಿ. ಅದರ ಬದಲು ದೊಡ್ಡ ಟೈರ್ ಹಾಕಿಸಿದಾಗ ಎಷ್ಟಿತ್ತು, ಗೇರ್ ಅಥವಾ ಅಡಾಪ್ಟರ್ ಹಾಕಿಸಿದ ದಿನ ಎಷ್ಟಿತ್ತು, ಎರಡನ್ನೂ ತಾರೀಕಿನ ಸಮೇತ ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ. ಮುಂದೆ ಗಾಡಿ ಕೊಳ್ಳುವವರಿಗೆ ನಡುವಿನ ಕಿಲೋಮೀಟರನ್ನು 1.1ರಿಂದ ಗುಣಿಸಿದರೆ ನಿಜವಾಗಿ ಎಷ್ಟು ಓಡಿದೆ ಅಂತ ಗೊತ್ತಾಗುತ್ತದೆ.