ತಕ್ಕಡಿ ಏರಿದ ಜಗಲಿ ದೇವರು

ಹಳೆಯ ಹಿತ್ತಾಳೆ ಕೊಟ್ಟು ಹೊಸ ಸ್ಟೀಲ್ ಡಬ್ಬಿ ಒಯ್ಯುವುದು ಕಲಬುರಗಿಯ ಪಾತ್ರೆ ಅಂಗಡಿಗಳಲ್ಲಿ ಹೊಸ ಸಂಗತಿಯೇನಲ್ಲ. ಕೊಡ, ತಂಬಿಗೆ, ದೀಪದ ಸಮೆಗಳ ಜೊತೆ ಚೀಲದ ತಳದಲ್ಲಿ ಒಮ್ಮೊಮ್ಮೆ ಬೆರಳುದ್ದದ ದೇವರೂ ಇರುತ್ತಾನೆ. ಕುದುರೆ ಏರಿದ ಮೈಲಾರಲಿಂಗ, ಕಾಲಬಳಿ ನಾಯಿ. ಅಂಗಡಿಯಲ್ಲಿ ಅವನಿಗೂ ಕೊಡಕ್ಕೂ ಒಂದೇ ದರ. ಅದೇ ಮೂರ್ತಿ ನಾಲ್ಕು ಕೈ ದಾಟಿ ಮೊಬೈಲ್ ಪರದೆಯ ಮೇಲೆ ಬಂದಾಗ ‘ಅಪರೂಪದ ಪುರಾತನ ಕಂಚು’ ಆಗಿರುತ್ತದೆ. ಇದು ವ್ಯಾಪಾರವೋ, ಅಪರಾಧವೋ, ಅಪಚಾರವೋ ಎಂಬ ಜಗಳ ಬಿಡಿಸಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊಹೆಂಜೊದಾರೊದಲ್ಲಿ 1926ರಲ್ಲಿ ಸಿಕ್ಕ ಕಂಚಿನ ನರ್ತಕಿಯ ಎತ್ತರ ಬರೀ ಹತ್ತೂವರೆ ಸೆಂಟಿಮೀಟರ್, ವಯಸ್ಸು ನಾಲ್ಕು ಸಾವಿರ ವರ್ಷಕ್ಕೂ ಮೇಲೆ. ಅಲ್ಲಿಂದ ಚೋಳರ ನಟರಾಜನವರೆಗೆ ಕಾಲ ಎಷ್ಟೋ ಸರಿದರೂ ಮೇಣ ಕರಗಿಸಿ ಎರಕ ಹೊಯ್ಯುವ ಉಪಾಯ ಉಳಿದುಕೊಂಡಿತು.

ಆ ಉಪಾಯವನ್ನು ಬರೆದಿಟ್ಟವರಲ್ಲಿ ಒಬ್ಬ ನಮ್ಮವನೇ. ಇಂದಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ, 12ನೇ ಶತಮಾನದಲ್ಲೇ, ಈ ಕೆಲಸದ ವಿವರವಿದೆ. ಮೊದಲು ಮೇಣದಲ್ಲಿ ಮೂರ್ತಿ ಮಾಡಬೇಕು. ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ಚೂರು ಉಪ್ಪು ಬೆರೆಸಿ ಅರೆದ ಮಣ್ಣನ್ನು ಅದಕ್ಕೆ ಪದರ ಪದರವಾಗಿ ಮೆತ್ತಿ ನೆರಳಲ್ಲಿ ಒಣಗಿಸಬೇಕು. ಮಣ್ಣು ಮೆತ್ತುವ ಮುಂಚೆ ಮೇಣವನ್ನು ತೂಗಿಡಬೇಕು. ಬೆಳ್ಳಿಯಾದರೆ ಅದರ ಹನ್ನೆರಡು ಪಟ್ಟು, ಚಿನ್ನವಾದರೆ ಹದಿನಾರು ಪಟ್ಟು ಲೋಹ ಬೇಕು. ಆಮೇಲೆ ಕಾಯಿಸಿ ಮೇಣ ಇಳಿಸಿ, ಆ ಪೊಳ್ಳಿಗೆ ಲೋಹ ಹೊಯ್ದು, ಮಣ್ಣು ಒಡೆಯಬೇಕು. ಒಂದು ಅಚ್ಚಿಗೆ ಒಂದೇ ದೇವರು. ದೊರೆಯೊಬ್ಬ ಹೊಟ್ಟು, ಹತ್ತಿಯ ಲೆಕ್ಕ ಬರೆಸಿದನಲ್ಲ ಎಂಬುದೇ ನನಗೆ ಇವತ್ತಿಗೂ ಬೆರಗು.

ಮನೆದೇವರು ಅರಮನೆಯ ಮೂರ್ತಿಯಲ್ಲ. ಹೆಚ್ಚಿನವು ಕಂಚೂ ಅಲ್ಲ. ಕಂಚೆಂದರೆ ತಾಮ್ರಕ್ಕೆ ತವರ ಸೇರಿದ್ದು. ದೇವರಕೋಣೆಯ ಜಗಲಿಯ ಮೇಲಿರುವುದು ಬಹುಪಾಲು ತಾಮ್ರ, ಸತುವಿನ ಹಿತ್ತಾಳೆ. ಹಬ್ಬಕ್ಕೊಮ್ಮೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ ತಿಕ್ಕಿ ಮೂಗು ಸವೆದು, ಕಣ್ಣು ಎರಡು ಚುಕ್ಕೆಯಾಗಿರುತ್ತವೆ. ಸಂಗ್ರಾಹಕರಿಗೆ ಬೇಕಾದದ್ದು ಈ ಸವೆತವೇ. ಹೀಗಾಗಿ ಹೊಸ ಮೂರ್ತಿಯನ್ನು ಆಮ್ಲದಲ್ಲಿ ಅದ್ದಿ, ಮಣ್ಣಲ್ಲಿ ಹೂತು, ಹಸಿರು ಕಿಲುಬು ಬರಿಸುವ ಕಸುಬೂ ಹುಟ್ಟಿಕೊಂಡಿದೆ.

ಕಾನೂನು ಬಂದದ್ದು ತಡವಾಗಿ. 1972ರ ಪುರಾತನ ವಸ್ತುಗಳ ಕಾಯ್ದೆ 1976ರಲ್ಲಿ ಜಾರಿಯಾಯಿತು. ನೂರು ವರ್ಷ ದಾಟಿದ ಲೋಹದ ಮೂರ್ತಿಯನ್ನು ನೋಂದಾಯಿಸಬೇಕು, ಅಂಥವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ತಮಿಳುನಾಡಿನ ಶ್ರೀಪುರಂದಾನ್ ಗುಡಿಯಿಂದ ಕಳುವಾದ ನಟರಾಜ 2014ರಲ್ಲಿ ಆಸ್ಟ್ರೇಲಿಯಾದಿಂದ ಮರಳಿದಾಗ, ಅದು ಆ ಗುಡಿಯದೇ ಎನ್ನುವುದಕ್ಕೆ ಪುದುಚೇರಿಯ ಫ್ರೆಂಚ್ ಸಂಸ್ಥೆಯಲ್ಲಿದ್ದ ಹಳೆಯ ಫೋಟೊ ಆಧಾರವಾಗಿತ್ತು. ಅಜ್ಜಿಯ ಜಗಲಿಯ ಫೋಟೊ ಯಾರು ತೆಗೆದಿಟ್ಟಿದ್ದಾರೆ?

ಮನೆ ಪಾಲಾದಾಗ ಹೊಲಕ್ಕೆ ಪತ್ರವಾಗುತ್ತದೆ, ದೇವರಿಗೆ ಆಗುವುದಿಲ್ಲ. ನಗರಕ್ಕೆ ಹೋದ ಮಕ್ಕಳ ಫ್ಲ್ಯಾಟಿನಲ್ಲಿ ಜಗಲಿಯೇ ಇರುವುದಿಲ್ಲ. ಭಿನ್ನವಾದ ಮೂರ್ತಿಯನ್ನು ಭೀಮಾ ನದಿಗೆ ಬಿಡುವ ಬದಲು ಅಂಗಡಿಗೆ ಕೊಟ್ಟರೆ ಡಬ್ಬಿಯಾದರೂ ಬಂದೀತು ಎಂದವರನ್ನು ದೂರುವುದು ಸುಲಭ, ನಾನು ದೂರಲಾರೆ. ಆದರೆ ತೂಗುವ ಮುಂಚೆ ಯಾವ ಊರಿನದು, ಯಾರ ಮನೆಯದು ಎಂದು ಚೀಟಿಯ ಮೇಲೆ ಒಂದು ಸಾಲು ಬರೆದುಕೊಂಡರೆ ಯಾರ ಗಂಟೂ ಹೋಗುವುದಿಲ್ಲ.

ಈಚೆಗೆ ಮಾರಾಟದ ಪುಟವೊಂದರಲ್ಲಿ ಒಬ್ಬ ಮೈಲಾರಲಿಂಗನನ್ನು ಕಂಡೆ. ಕುದುರೆಯ ಕಿವಿಯ ಸಂದಿಯಲ್ಲಿ ಭಂಡಾರದ ಹಳದಿ ಇನ್ನೂ ಉಳಿದಿತ್ತು. ಕೆಳಗೆ ‘ದಖ್ಖನ್, 19ನೇ ಶತಮಾನ’ ಎಂಬ ವಿವರಣೆ. ನೋಂದಣಿಯಾಗಿದೆಯೇ ಎಂದು ಸಂದೇಶ ಕಳಿಸಿ ಕೇಳಿದೆ. ಉತ್ತರ ಬರಲಿಲ್ಲ. ಮರುದಿನ ನೋಡಿದರೆ ಬೆಲೆ ಅಷ್ಟೇ ಇತ್ತು, ವಿವರಣೆ ಮಾತ್ರ ‘ಅಲಂಕಾರಿಕ ಹಿತ್ತಾಳೆ ವಸ್ತು’ ಎಂದಾಗಿತ್ತು.