ಐಸೊಡೈಸೆಂಟ್ರಿಕ್ ವೈ: ಆವರಣದೊಳಗಿನ ‘ಕ್ಯೂ’ ಏನು ಹೇಳುತ್ತದೆ?

ಮೊನ್ನೆ ಮತ್ತೆ ಕಣ್ಣಿಗೆ ಬಿತ್ತು. ಪುರುಷ ಬಂಜೆತನದ ಬಗ್ಗೆ ಒಂದು ಲೇಖನ, ಅದರಲ್ಲಿ ‘46,ಎಕ್ಸ್,ಐಡಿಕ್(ವೈ)(ಕ್ಯೂ11.2)’ ಎಂಬ ವರ್ಣತಂತು ರಿಪೋರ್ಟಿನ ಸಾಲು (‘ಐಡಿಕ್’ ಎಂದರೆ ಐಸೊಡೈಸೆಂಟ್ರಿಕ್, ‘ಕ್ಯೂ’ ಎಂದರೆ ಉದ್ದ ತೋಳು), ಅದಕ್ಕೆ ‘ವೈ ವರ್ಣತಂತುವಿನ ಉದ್ದ ತೋಳು ಇಮ್ಮಡಿಯಾಗಿದೆ’ ಎಂಬ ವಿವರಣೆ. ನಡೆದಿರುವುದು ಪೂರಾ ಉಲ್ಟಾ. ಉದ್ದ ತೋಳಿನ ಹೆಚ್ಚಿನ ಪಾಲು ಹೋಗಿದೆ. ಇಮ್ಮಡಿಯಾಗಿರುವುದು ಗಿಡ್ಡ ತೋಳು.

ಬರೆದವರನ್ನು ಪೂರ್ತಿ ಬೈಯುವುದೂ ಕಷ್ಟ. ಐಎಸ್‌ಸಿಎನ್ ಎಂಬ, ವರ್ಣತಂತುಗಳನ್ನು ಬರೆದಿಡುವ ಅಂತರರಾಷ್ಟ್ರೀಯ ಪದ್ಧತಿಯೇ ಇಲ್ಲಿ ಕಾಲಿಗೆ ತೊಡಕು ಹಾಕುತ್ತದೆ. ‘ಐ(ವೈ)(ಕ್ಯೂ10)’ ಎಂದರೆ ಐಸೊಕ್ರೋಮೋಸೋಮ್ (ಎರಡೂ ಕಡೆ ಒಂದೇ ತೋಳಿರುವ ವರ್ಣತಂತು), ಮುರಿದದ್ದು ಸೆಂಟ್ರೊಮಿಯರಿನಲ್ಲಿ, ಅಂದರೆ ಎರಡು ತೋಳು ಕೂಡುವ ಸೊಂಟದಲ್ಲಿ. ಆ ‘ಕ್ಯೂ’ ಉಳಿದ ತೋಳನ್ನು ಹೇಳುತ್ತದೆ: ಎರಡೂ ಕಡೆ ಉದ್ದ ತೋಳೇ. ‘ಐಡಿಕ್(ವೈ)(ಕ್ಯೂ11.2)’ ಎಂಬಲ್ಲಿ ‘ಕ್ಯೂ’ ಹೇಳುವುದು ಮುರಿದ ಜಾಗವನ್ನು. ಅಲ್ಲಿಂದ ಆಚೆಗಿನದು ಇಲ್ಲ, ಈಚೆಗಿನದು ಎರಡೆರಡು. ಒಂದೇ ಅಕ್ಷರ, ಒಂದೇ ಬಗೆಯ ಆವರಣ. ಒಂದು ಕಡೆ ಉಳಿದದ್ದರ ಗುರುತು, ಇನ್ನೊಂದು ಕಡೆ ಕಳೆದದ್ದರ ಗುರುತು. ಮುಂದಿರುವ ‘ಐ’ಯೋ ‘ಐಡಿಕ್ಕೋ’ ನೋಡದೆ ಆವರಣಕ್ಕೆ ಹಾರಿದವರು ಎಡವಲೇಬೇಕು.

ಪದವನ್ನು ಬಿಡಿಸಿದರೆ ಈ ಗೊಂದಲ ಅರ್ಧ ಕಳೆಯುತ್ತದೆ. ‘ಐಸೊ’ ಎಂದರೆ ಸಮ, ‘ಡೈ’ ಎಂದರೆ ಎರಡು. ‘ಸೆಂಟ್ರಿಕ್’ ಬಂದದ್ದು ಗ್ರೀಕಿನ ‘ಕೆಂಟ್ರಾನ್’ನಿಂದ. ಅದರ ಮೂಲಾರ್ಥ ಚುಚ್ಚುವ ಮೊನೆ; ಆಮೇಲೆ ಕೈವಾರದ ಮೊನೆ ನೆಟ್ಟ ಬಿಂದು. ಇದೇ ಪದ ಜ್ಯೋತಿಷದ ದಾರಿಯಲ್ಲಿ ಸಂಸ್ಕೃತಕ್ಕೆ ಬಂದು ‘ಕೇಂದ್ರ’ವಾಯಿತು, ಅಲ್ಲಿಂದ ನಮಗೆ. ಹಾಗಾಗಿ ‘ಸಮದ್ವಿಕೇಂದ್ರ’ ಎಂದು ಅಚ್ಚ ದೇಸಿ ಪದ ಕಟ್ಟಿದೆವೆಂದು ಬೀಗುವವರ ಪದದಲ್ಲೂ ಗ್ರೀಕ್ ಕೂತಿದೆ. ನಾನಂತೂ ಐಸೊಡೈಸೆಂಟ್ರಿಕ್ ಎಂದೇ ಬರೆಯುತ್ತೇನೆ. ರಿಪೋರ್ಟ್ ಕೈಯಲ್ಲಿ ಹಿಡಿದವರು ಹುಡುಕುವುದು ಆ ಪದವನ್ನೇ.

ಸಮ ಎಂದರೆ ಯಾವುದಕ್ಕೆ ಯಾವುದು ಸಮ? ಮುರಿದ ಜಾಗದಲ್ಲೊಂದು ಕನ್ನಡಿ ಇಟ್ಟುಕೊಳ್ಳಿ. ಐಸೊಕ್ರೋಮೋಸೋಮಿನಲ್ಲಿ ಕನ್ನಡಿ ಸೆಂಟ್ರೊಮಿಯರಿನ ಮೇಲೆಯೇ ಇದೆ, ಆದ್ದರಿಂದ ಸೆಂಟ್ರೊಮಿಯರ್ ಒಂದೇ. ಐಸೊಡೈಸೆಂಟ್ರಿಕ್‌ನಲ್ಲಿ ಕನ್ನಡಿ ಅದರಿಂದ ದೂರ, ತೋಳಿನ ಮೇಲೆ. ಹಾಗಾಗಿ ಸೆಂಟ್ರೊಮಿಯರೂ ಪ್ರತಿಬಿಂಬದಲ್ಲಿ ಮೂಡಿ ಎರಡಾಗುತ್ತದೆ. ಒಂದು ತುದಿಯಿಂದ ಓದಿ: ಗಿಡ್ಡ ತೋಳು, ಸೆಂಟ್ರೊಮಿಯರ್, ಉದ್ದ ತೋಳಿನ ಚೂರು, ಮತ್ತೆ ಅದೇ ಚೂರು, ಸೆಂಟ್ರೊಮಿಯರ್, ಗಿಡ್ಡ ತೋಳು. ಆ ತುದಿಯಿಂದ ಓದಿದರೂ ಅದೇ. ‘ಕುಬೇರನಿಗೇನಿರಬೇಕು’ ಇದ್ದ ಹಾಗೆ.

ಈ ಹೋಲಿಕೆ ಬರೀ ತಮಾಷೆಗಲ್ಲ. ವೈ ವರ್ಣತಂತುವಿನ ಉದ್ದ ತೋಳಿನಲ್ಲಿ ಇಂಥ ವಿಕಟಕವಿಗಳು ಎಂಟಿವೆ ಎಂದು 2003ರಲ್ಲಿ ಪ್ರಕಟವಾದ ಅನುಕ್ರಮ ತೋರಿಸಿತು. ಅವುಗಳಲ್ಲಿ ಅತಿ ದೊಡ್ಡದರ ಒಂದೊಂದು ಬದಿಯೂ (ಇದನ್ನೂ ‘ತೋಳು’ ಎನ್ನುತ್ತಾರೆ) ಸುಮಾರು 14.5 ಲಕ್ಷ ಬೇಸ್ ಜೋಡಿ ಉದ್ದ. ಎರಡರ ಹೋಲಿಕೆ ಶೇ. 99.97. ಇಷ್ಟು ಹೋಲಿದರೆ ಜೀವಕೋಶಕ್ಕೇ ಗುರುತು ತಪ್ಪುತ್ತದೆ. ಒಂದು ಕ್ರೊಮಾಟಿಡ್‌ನ (ನಕಲಾದ ವರ್ಣತಂತುವಿನ ಒಂದು ಪ್ರತಿಯ) ಈ ತೋಳು ಸೋದರಿ ಕ್ರೊಮಾಟಿಡ್‌ನ ಎದುರು ತೋಳಿನೊಂದಿಗೆ ಅಡ್ಡಹಾಯ್ದು ಬೆಸೆದುಕೊಂಡರೆ ಐಡಿಕ್ ತಯಾರು. ಅಮೆರಿಕದ ತಳಿವಿಜ್ಞಾನಿ ಡೇವಿಡ್ ಪೇಜ್ ಅವರ ಪ್ರಯೋಗಾಲಯ 2009ರಲ್ಲಿ ಇದನ್ನು ತೋರಿಸಿಕೊಟ್ಟಿತು.

ಇನ್ನು ‘ಸ್ಯೂಡೊ’. ಎರಡು ಸೆಂಟ್ರೊಮಿಯರುಗಳಲ್ಲಿ ಒಂದು ಕೆಲಸ ನಿಲ್ಲಿಸಿದ್ದರೆ ‘ಸ್ಯೂಡೊಡೈಸೆಂಟ್ರಿಕ್’ ಎನ್ನುತ್ತಾರೆ. ಇದನ್ನು ‘ಹುಸಿ’ ಎಂದು ಅನುವಾದಿಸಿ ‘ನಿಜಕ್ಕೂ ಒಂದೇ ಇದೆ’ ಎಂದು ಬರೆಯುವುದುಂಟು. ಇದೆ ಸ್ವಾಮಿ, ಎರಡೂ ಇದೆ. ಒಂದು ಮಲಗಿದೆ, ಅಷ್ಟೆ. ಸೂಕ್ಷ್ಮದರ್ಶಕದಲ್ಲಿ ಒಂದೇ ಸೊಂಟ ಕಂಡರೂ ಹೊಳೆಯುವ ಗುರುತು ಹಚ್ಚಿ ನೋಡುವ ಫಿಶ್ ಪರೀಕ್ಷೆಯಲ್ಲಿ ವೈ ಸೆಂಟ್ರೊಮಿಯರಿನ ಚುಕ್ಕೆ ಎರಡು, ಎಸ್‌ಆರ್‌ವೈ (ಗಂಡುತನಕ್ಕೆ ಚಾಲನೆ ಕೊಡುವ ಜೀನ್) ಚುಕ್ಕೆಯೂ ಎರಡು ಬೆಳಗುತ್ತವೆ. ಕ್ವಿನಾಕ್ರಿನ್ ಬಣ್ಣ ಹಾಕಿದಾಗ ಮಾಮೂಲಿ ವೈ ತುದಿಯಲ್ಲಿ ಥಳಥಳಿಸುವ ಬಾಲ ಮಾತ್ರ ಇಲ್ಲಿ ನಾಪತ್ತೆ.

ಎಸ್‌ಆರ್‌ವೈ ಎರಡಿದ್ದರೆ ‘ಹೆಚ್ಚು ಗಂಡಸು’ ಎಂದಲ್ಲ. ಎರಡು ಸೆಂಟ್ರೊಮಿಯರೂ ಎಚ್ಚರವಿದ್ದರೆ ಕೋಶ ಒಡೆಯುವಾಗ ಎರಡು ಕಡೆಗೆ ಎಳೆದಾಟ. ತುಂಡಾಗುವುದೋ ಹಿಂದುಳಿದು ಕಳೆದುಹೋಗುವುದೋ ಆಗಿ ‘45,ಎಕ್ಸ್’, ಅಂದರೆ ಒಂದೇ ಎಕ್ಸ್ ಇದ್ದು ವೈ ಇಲ್ಲದ ಕೋಶಗಳು ಹುಟ್ಟಿಕೊಳ್ಳುತ್ತವೆ. ಯಾವ ಅಂಗಾಂಶದಲ್ಲಿ ಅವು ಎಷ್ಟಿವೆ ಎಂಬುದರ ಮೇಲೆ ದೇಹದ ರೂಪ: ವೀರ್ಯಾಣುವಿಲ್ಲದ ಗಂಡಸಿನಿಂದ ಹಿಡಿದು ಟರ್ನರ್ ಲಕ್ಷಣದ ಹೆಣ್ಣಿನವರೆಗೆ. ಸೆಂಟ್ರೊಮಿಯರುಗಳ ನಡುವಣ ದೂರ ಹೆಣ್ಣುರೂಪ ತಳೆದವರಲ್ಲಿ ಸರಾಸರಿ ಹೆಚ್ಚು ಎಂದು ಅದೇ 2009ರ ಅಧ್ಯಯನ ಕಂಡುಕೊಂಡಿತು.

ಡಿಎನ್‌ಎಯ ಗುರುತು ಇದೆಯೋ ಇಲ್ಲವೋ ನೋಡುವ ಪಿಸಿಆರ್ ರಿಪೋರ್ಟುಗಳಲ್ಲಿ ಇನ್ನೊಂದು ಕಣ್ಣುಮುಚ್ಚಾಲೆ. ಅಲ್ಲಿ ‘ಎಜಡ್‌ಎಫ್‌ಬಿ, ಎಜಡ್‌ಎಫ್‌ಸಿ ಇಲ್ಲ’ (ಇವು ವೀರ್ಯಾಣು ತಯಾರಿಗೆ ಬೇಕಾದ, ಉದ್ದ ತೋಳಿನ ಭಾಗಗಳು) ಎಂದಷ್ಟೇ ಬರುತ್ತದೆ, ಓದಿದವರು ‘ಮೈಕ್ರೊಡಿಲೀಷನ್’, ಅಂದರೆ ಸಣ್ಣ ಚೂರಷ್ಟೇ ಕಳೆದಿದೆ ಎಂದು ಮುಚ್ಚಿಬಿಡುತ್ತಾರೆ. ಇಲ್ಲದ್ದನ್ನು ಪಿಸಿಆರ್ ಹೇಳೀತು, ಇಮ್ಮಡಿಯಾದದ್ದನ್ನು ಈ ಪರೀಕ್ಷೆ ಹೇಳದು. ತುದಿಯ ಎಸ್‌ವೈ160 ಗುರುತೂ ಇಲ್ಲವೆಂದಾದರೆ ಅದು ನಡುವಿನ ಚೂರು ಹಾರಿದ್ದಲ್ಲ, ತುದಿಯೇ ಹೋದದ್ದು. ಐಡಿಕ್ ಇರಬಹುದೇ ಎಂದು ಕ್ಯಾರಿಯೋಟೈಪ್ (ವರ್ಣತಂತುಗಳನ್ನು ಜೋಡಿಸಿಟ್ಟ ಚಿತ್ರ) ನೋಡಲೇಬೇಕು.

ಕೊನೆಗೆ ಒಂದು ಎಣಿಕೆಯ ತಪ್ಪು. ‘46,ಎಕ್ಸ್‌ವೈ,ಐಡಿಕ್(ವೈ)’ ಎಂದು ಬರೆಯಬೇಡಿ. ಐಡಿಕ್ ಕೂತಿರುವುದು ವೈ ಇದ್ದ ಕುರ್ಚಿಯಲ್ಲೇ, ಆದ್ದರಿಂದ ‘46,ಎಕ್ಸ್,ಐಡಿಕ್(ವೈ)’. ಮಾಮೂಲಿ ವೈ ಕೂಡ ಇದ್ದು ಇದು ಹೆಚ್ಚುವರಿಯಾಗಿ ಬಂದಿದ್ದರೆ 47, ಮತ್ತು ಐಡಿಕ್‌ನ ಮುಂದೆ ಒಂದು ಕೂಡುವ ಚಿಹ್ನೆ.